ಉಪ್ಪು ಬಿಟ್ಟ ಕೈ

ಸಂಜೆ ಒಲೆಗಳಿಂದ ಹೊಗೆ ಎದ್ದಿತೆಂದರೆ ಎನೆಲೆಸಿಯ ಸವಾರಿ ಹೊರಟಿತೆಂದೇ ಲೆಕ್ಕ. ಮೊದಲು ಮಗಳು ಜಿಯೋನೆಯ ಒಲೆ, ಆಮೇಲೆ ತಂಗಿ ಫಲೇಸಿಯ ಹೆಣ್ಣುಮಕ್ಕಳ ಒಲೆಗಳು. ಒಂದೊಂದು ಮಡಕೆಯ ಮುಚ್ಚಳ ಎತ್ತಿ, ಕುಂಬಳದ ಸೊಪ್ಪೋ ಸರೋವರದ ಒಣಮೀನೋ ಬೇಯುತ್ತಿರುವುದನ್ನು ಮೂಸಿ, ಮೂರು ಬೆರಳಲ್ಲಿ ಉಪ್ಪು ಹಿಡಿದು ಉದುರಿಸಿ, "ಹೂಂ, ಈಗ ಮನುಷ್ಯರು ತಿನ್ನಬಹುದು," ಎಂದು ಮುಂದಿನ ಒಲೆಗೆ ನಡೆಯುವಳು. ಅವಳ ಮುಟ್ಟು ನಿಂತು ವರ್ಷಗಳೇ ಕಳೆದಿದ್ದವು. ಅಂದಿನಿಂದ ಕೇರಿಯ ಉಪ್ಪೆಲ್ಲ ಅವಳ ಕೈಗೆ ಬಂದಿತ್ತು.

"ಅಜ್ಜಿ, ನಿನ್ನೆ ಉಪ್ಪು ಜಾಸ್ತಿ ಆಯ್ತಂತೆ. ನಮ್ಮೆಜಮಾನ್ರು ಮುಖ ಸಿಂಡರಿಸಿದ್ರು," ಎಂದು ಯಾವಳಾದರೂ ಕೊಂಕು ತೆಗೆದರೆ, "ನಿನ್ನ ಗಂಡನ ನಾಲಿಗೆ ಹಾಳಾಗಿದ್ದಕ್ಕೆ ನನ್ನ ಬೆರಳನ್ನ ಯಾಕೆ ಬೈತೀಯೇ? ಅವನು ಅವರಮ್ಮನ ಊರಲ್ಲಿ ಏನು ತಿಂದು ಬೆಳೆದನೋ ಯಾರಿಗೆ ಗೊತ್ತು!" ಎಂದು ಬಾಯಿ ಮುಚ್ಚಿಸುವಳು. ಗಂಡಂದಿರು ಹೆಂಡತಿಯ ಊರಿಗೆ ಬಂದು ಬಾಳುವ ಸೀಮೆ ನಮ್ಮದು. ಅತ್ತೆಯ ಮಾತಿಗೆ ಎದುರಾಡುವ ಅಳಿಯ ಮಲಾವಿ ದೇಶದಲ್ಲಿ ಬೇರೆಲ್ಲಾದರೂ ಹುಟ್ಟಿದ್ದಾನು, ನಮ್ಮ ಸಲೀಮಾ ಜಿಲ್ಲೆಯ ಕಡೆ ಹುಟ್ಟಿಲ್ಲ.

ನಮ್ಮಲ್ಲಿ ಮುಟ್ಟಾದ ಹೆಂಗಸು ನೀರು ಹೊರಬಹುದು, ಹೊಲ ಅಗೆಯಬಹುದು, ಮುದ್ದೆ ತಿರುವಬಹುದು. ಉಪ್ಪಿಗೆ ಮಾತ್ರ ಕೈ ಹಚ್ಚುವಂತಿಲ್ಲ. ಹಚ್ಚಿದರೆ ಉಂಡವರಿಗೆ ಕೆಮ್ಮು ಹತ್ತಿ ಮೈ ಬತ್ತಿಹೋಗುತ್ತದೆ ಎಂದು ನಂಬಿಕೆ. ಆ ದಿನಗಳಲ್ಲಿ ದೊಡ್ಡವಳಾಗದ ಹುಡುಗಿಯೋ ಮುಟ್ಟು ನಿಂತ ಮುದುಕಿಯೋ ಬಂದು ಉಪ್ಪು ಹಾಕಬೇಕು. ಹಾಗಾಗಿ ಯಾರ ಮಡಕೆಗೆ ಯಾರು ಉಪ್ಪು ಹಾಕುತ್ತಿದ್ದಾರೆ ಎಂದು ನೋಡಿದರೆ ಸಾಕು, ಯಾರ ಮೈಯಲ್ಲಿ ಏನು ನಡೆದಿದೆ ಎಂಬುದು ಕೇರಿಗೆಲ್ಲ ತಿಳಿಯುತ್ತದೆ. ತಿಳಿದರೂ ಕೇಳಬಾರದು. ಕಂಡೂ ಕಾಣದ ಹಾಗಿರುವುದೇ ಮರ್ಯಾದೆ.

ಈ ಮರ್ಯಾದೆಯನ್ನು ಊರಿನ ಹೆಣ್ಣುಮಕ್ಕಳಿಗೆಲ್ಲ ಕಲಿಸಿದವಳು ಎನೆಲೆಸಿಯೇ. ಅವಳು ಊರಿನ ನಂಕುಂಗ್ವಿ. ಸುಗ್ಗಿ ಮುಗಿದ ಮೇಲೆ ಹುಲ್ಲಿನ ಬೇಲಿ ಕಟ್ಟಿ, ದೊಡ್ಡವರಾಗುವ ಹುಡುಗಿಯರನ್ನು ಒಳಗೆ ಕೂರಿಸಿ, ಹಾಡಿ ಕುಣಿಸಿ, ಹೆಣ್ಣಿನ ಬಾಳಿನ ಗುಟ್ಟುಗಳನ್ನು ಹೇಳಿಕೊಡುವ ಗುರು. ಅಲ್ಲಿ ಅವಳು ಹೇಳಿದ್ದೇ ವೇದ. ಜಿಯೋನೆಯ ವಾರಿಗೆಯವರೆಲ್ಲ ಆ ಬೇಲಿಯೊಳಗೆ ಅವಳ ಮುಂದೆ ಮಂಡಿಯೂರಿ ಕೂತು, "ಉಪ್ಪು ಯಾರ ಕೈಲಿದೆ ಅಂತ ನೋಡ್ತೀವಿ, ಬಾಯಿ ಬಿಡಲ್ಲ," ಎಂದು ಚಪ್ಪಾಳೆ ತಟ್ಟಿ ಹೇಳಿದವರೇ.

ಉಪ್ಪಿನ ವಿಷಯದಲ್ಲಿ ಅವಳು ಅಷ್ಟು ಬಿಗಿಯಾಗಿರುವುದಕ್ಕೆ ಕಾರಣವಿತ್ತು. ಅವಳ ಗಂಡ ಲಾಜಾರೋ ಜೋಹಾನ್ಸ್‌ಬರ್ಗಿನ ಗಣಿಗೆ ಹೋಗಿ ಎರಡು ಮೂರು ವರ್ಷಕ್ಕೊಮ್ಮೆ ಬಂದು ರೇಡಿಯೋ, ಕಂಬಳಿ, ಒಂದು ಕೂಸು ಕೊಟ್ಟು ಮತ್ತೆ ಹೋಗುತ್ತಿದ್ದ. ಕಡೆಯ ಸಲ ಕೆಮ್ಮು ಹೊತ್ತುಕೊಂಡು ಬಂದ. ಒಣಗಿ ಕಡ್ಡಿಯಾಗಿ ಸತ್ತ. ಮಣ್ಣು ಮಾಡಿ ಬಂದ ಮೇಲೆ ಅವನ ಅಕ್ಕಂದಿರು ಅಂಗಳದಲ್ಲಿ ನಿಂತು, "ರಕ್ತದ ಕೈಲಿ ಉಪ್ಪು ಹಾಕಿ ನಮ್ಮ ತಮ್ಮನ್ನ ತಿಂದೆಯಲ್ಲೇ!" ಎಂದು ಮಣ್ಣೆರಚಿದರು. ಗಣಿಯ ಧೂಳು ಎಂಥೆಂಥ ಗಂಡಸರ ಎದೆಯನ್ನು ತಿಂದಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ಎರಚಿದ ಮಣ್ಣು ಎರಚಿದ್ದೇ. ತಾನು ಒಂದು ದಿನವೂ ಹಾಗೆ ಮಾಡಿಲ್ಲವೆಂದು ಎನೆಲೆಸಿ ಸತ್ತವನ ಗೋರಿಯ ತಲೆದೆಸೆಯಲ್ಲಿ ಆಣೆಯಿಟ್ಟಳು. ಆ ಆಣೆಯನ್ನು ಅವಳು ಬಾಳಿನುದ್ದಕ್ಕೂ ಹೊತ್ತಳು.

ಅಂಥವಳಿಗೆ, ಮೊದಲ ಮಳೆ ಬಿದ್ದು ಜೋಳ ಊರುವ ಹೊತ್ತಿನಲ್ಲಿ, ಹೊಲದ ಬದುವಿನ ಮೇಲೆ ಕೂತು ಎದ್ದಾಗ ಬಟ್ಟೆಯಲ್ಲಿ ರಕ್ತ ಕಂಡಿತು.

ಮೊದಲು ಅವಳಿಗೆ ನಗು ಬಂತು. ಈ ವಯಸ್ಸಲ್ಲಿ ಹರೆಯ ಮರಳಿತೇ ಎಂದುಕೊಂಡಳು. ಎರಡನೆಯ ಸಲ ಬಂದಾಗ ನಗು ಹೋಗಿ ಹೆದರಿಕೆ ಬಂತು. ಹೊತ್ತಲ್ಲದ ಹೊತ್ತಿನ ರಕ್ತವೆಂದರೆ ಯಾರದೋ ತಪ್ಪಿನ ಫಲ ಎಂದು ತಾನೇ ಅಷ್ಟು ಹುಡುಗಿಯರಿಗೆ ಹೇಳಿಕೊಟ್ಟಿರಲಿಲ್ಲವೇ? ಮುಟ್ಟು ನಿಂತ ವಿಧವೆಗೆ ರಕ್ತ ಕಂಡರೆ ಜನ ಏನು ಆಡುತ್ತಾರೆ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಮುದುಕಿ ಯಾವನನ್ನೋ ಒಳಗೆ ಬಿಟ್ಟುಕೊಂಡಿದ್ದಾಳೆ ಎನ್ನುತ್ತಾರೆ. ಆಮೇಲೆ ಬೇಲಿಯೊಳಗೆ ಅವಳ ಮಾತು ಕೇಳುವವರು ಯಾರು? ಹೇಳಬಾರದು ಎಂದು ತೀರ್ಮಾನಿಸಿದಳು. ಆದರೆ ಉಪ್ಪು?

ಬಾಯಲ್ಲಿ ಸುಳ್ಳು ಹೇಳುವುದು ಅವಳಿಗೆ ಕಷ್ಟವಿರಲಿಲ್ಲ, ಬೇಕಾದಾಗ ಚೆನ್ನಾಗಿಯೇ ಹೇಳುತ್ತಿದ್ದಳು. ಉಪ್ಪಿನಲ್ಲಿ ಸುಳ್ಳಾಡುವುದು ಮಾತ್ರ ಅವಳಿಂದಾಗಲಿಲ್ಲ. ಮಡಕೆಯ ಸುತ್ತ ಮೊಮ್ಮಕ್ಕಳು ಕೂತಿರುತ್ತಾರೆ. ಅವರಿಗೆ ಕೆಮ್ಮು ಬಂದರೆ? ಅಂದು ಸಂಜೆ ಜಿಯೋನೆಯ ಮಗಳು ತಡಾಲಾಳನ್ನು ಕರೆದು, "ನನ್ನ ಮಣಿಕಟ್ಟು ನೋಯ್ತಿದೆ ಕಣೆ. ಇವತ್ತಿಂದ ಉಪ್ಪು ನೀನು ಹಾಕು," ಎಂದಳು. ತಡಾಲಾಗೆ ಹತ್ತು ವರ್ಷ. ದೊಡ್ಡ ಹುದ್ದೆ ಸಿಕ್ಕಿತೆಂದು ಒಲೆಯಿಂದ ಒಲೆಗೆ ಓಡಿದಳು. ಫಲೇಸಿ ಮುಚ್ಚಳ ಎತ್ತಿ ಹಿಡಿದವಳು ಹುಡುಗಿಯನ್ನು ನೋಡಿದಳು, ದೂರದಲ್ಲಿ ಕೂತಿದ್ದ ಅಕ್ಕನನ್ನು ನೋಡಿದಳು, ಮತ್ತೆ ಒಲೆಯತ್ತ ಮುಖ ತಿರುಗಿಸಿದಳು.

ಜೋಳ ಮೊಣಕಾಲೆತ್ತರ ಬಂದಾಗ ಆಸ್ಪತ್ರೆಯಿಂದ ಮ್ವಾವಿ ಎಂಬ ನರ್ಸು ಬಂದು ಮಾವಿನ ಮರದ ಕೆಳಗೆ ಹೆಂಗಸರನ್ನು ಸೇರಿಸಿದಳು. ಎನೆಲೆಸಿಗೆ ಮುಂದಿನ ಚಾಪೆ. ಅವಳು ಹೊಗೆಸೊಪ್ಪನ್ನು ಹಳೆಯ ಪೇಪರಿನಲ್ಲಿ ಸುತ್ತಿ ಸೇದುತ್ತ ಕೂತಳು. ಈಚೆಗೆ ಹೊಗೆ ಹೆಚ್ಚಾಗಿತ್ತು. ಮೈಯಿಂದ ಒಂದು ಕೆಟ್ಟ ವಾಸನೆ ಬರತೊಡಗಿತ್ತು, ಅದನ್ನು ಮುಚ್ಚಲು ಹೊಗೆ ಬೇಕಾಗಿತ್ತು.

"ಗರ್ಭಕೋಶದ ಬಾಯಿಗೆ ಬರೋ ಕ್ಯಾನ್ಸರ್ ಇದು," ಎಂದಳು ಮ್ವಾವಿ. "ಪಾಪದಿಂದ ಬರಲ್ಲ, ಮಾಟದಿಂದಲೂ ಬರಲ್ಲ. ಒಂದು ವೈರಸ್ ಇದೆ, ಗಂಡು ಹೆಣ್ಣು ಕೂಡಿದಾಗ ಅಂಟುತ್ತೆ. ಮುಕ್ಕಾಲು ಪಾಲು ಜನಕ್ಕೆ ಯಾವತ್ತೋ ಒಂದು ಸಲ ಅಂಟೇ ಇರುತ್ತೆ. ಮೈ ತಾನೇ ತೊಳ್ಕೊಂಡು ಬಿಡುತ್ತೆ. ಕೆಲವರಲ್ಲಿ ಹೋಗದೆ ವರ್ಷಗಟ್ಟಲೆ ಕೂತುಬಿಡುತ್ತೆ. ಅದೇ ಕೊನೆಗೆ ಹುಣ್ಣಾಗೋದು."

"ಯಾರಲ್ಲಿ ಕೂರುತ್ತಮ್ಮ?" ಎಂದು ಜಿಯೋನೆ ಕೇಳಿದಳು.

"ಯಾರಲ್ಲಾದ್ರೂ ಕೂರಬಹುದು. ಆದ್ರೆ ಮೈ ಬಲಿಯೋ ಮೊದಲೇ ಮದುವೆ ಆದೋರಿಗೆ, ಮೇಲಿಂದ ಮೇಲೆ ಹೆತ್ತೋರಿಗೆ, ಗಂಡನಿಗೆ ಹೊರಗಡೆ ಸಹವಾಸ ಇದ್ದೋರಿಗೆ, ಹೊಗೆಸೊಪ್ಪು ಸೇದೋರಿಗೆ, ಎಚ್‌ಐವಿ ಇದ್ದು ಮೈಯಲ್ಲಿ ಶಕ್ತಿ ಕಮ್ಮಿ ಆದೋರಿಗೆ ಅಪಾಯ ಹೆಚ್ಚು. ಕೂಡಿದ ಮೇಲೆ ರಕ್ತ, ಮುಟ್ಟಿನ ನಡುವೆ ರಕ್ತ, ವಾಸನೆ, ಸೊಂಟನೋವು ಇದ್ರೆ ಬನ್ನಿ. ಮುಟ್ಟು ನಿಂತ ಮೇಲೆ ರಕ್ತ ಕಂಡ್ರಂತೂ ಒಂದು ದಿನಾನೂ ಕಾಯಬೇಡಿ."

ಎನೆಲೆಸಿಯ ಬೆರಳ ನಡುವೆ ಹೊಗೆಸೊಪ್ಪು ಸುಡುತ್ತ ಬಂದು ಚರ್ಮಕ್ಕೆ ತಾಗಿತು. ಹದಿನೈದು ತುಂಬುವ ಮೊದಲೇ ಅವಳ ಮದುವೆಯಾಗಿತ್ತು. ಎಂಟು ಹೆತ್ತಿದ್ದಳು, ಮೂರನ್ನು ಮಣ್ಣಿಗೆ ಕೊಟ್ಟಿದ್ದಳು. ಲಾಜಾರೋ ಗಣಿಯಲ್ಲಿ ಯಾರೊಂದಿಗೆ ಇದ್ದನೆಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಈ ನಿನ್ನೆ ಮೊನ್ನೆಯ ಹುಡುಗಿ ನನ್ನ ಕಥೆಯನ್ನು ಯಾರ ಹತ್ತಿರ ಕೇಳಿಕೊಂಡು ಬಂದಳು ಎಂದು ಅವಳಿಗೆ ಸಿಟ್ಟೇ ಬಂತು.

"ಒಂಚೂರು ವಿನಿಗರ್ ಹಚ್ಚಿ ನೋಡ್ತೀವಿ, ಅಷ್ಟೇ," ಎಂದಳು ಮ್ವಾವಿ. "ಕೆಟ್ಟ ಜಾಗ ಇದ್ರೆ ಬೆಳ್ಳಗಾಗುತ್ತೆ. ಅದನ್ನ ಅವತ್ತೇ ಸುಟ್ಟು ತೆಗೀತೀವಿ. ನೀವು ಮೊದಲು ಹೇಳಿದ್ರೆ ಎಲ್ಲರೂ ಬರ್ತಾರೆ, ಅಜ್ಜಿ."

ಆಗಲೇ ಹೇಳಿಬಿಡಬಹುದಿತ್ತು. ಇಡೀ ಊರು ಅವಳ ಬಾಯಿಯನ್ನೇ ನೋಡುತ್ತಿತ್ತು. ಎನೆಲೆಸಿ ಹೊಗೆ ಬಿಟ್ಟು, "ಅಲ್ಲಮ್ಮಾ, ವಿನಿಗರ್ ಹಾಕಿ, ಮೆಣಸಿನಕಾಯಿ ಹಾಕಿ ನಮ್ಮನ್ನೇನು ಉಪ್ಪಿನಕಾಯಿ ಮಾಡಿ ಪೇಟೇಲಿ ಮಾರ್ತೀಯಾ?" ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಈ ರೋಗ ಬಾರದಂತೆ ಹುಡುಗಿಯರಿಗೆ ಹಾಕುವ ಲಸಿಕೆಯ ಮಾತು ಬಂದಾಗ, "ಮೊದಲು ನನ್ನ ಪಾಠ, ಆಮೇಲೆ ನಿನ್ನ ಸೂಜಿ," ಎಂದಳು. ಅದಕ್ಕೂ ನಕ್ಕರು. ನಗುನಗುತ್ತಲೇ ಎದ್ದು ಉಟ್ಟ ಬಟ್ಟೆ ಕೊಡವಿಕೊಂಡು ಮನೆಗೆ ಹೋದರು. ಮ್ವಾವಿಯ ಚಾಪೆಯ ಹತ್ತಿರ ಒಬ್ಬರೂ ನಿಲ್ಲಲಿಲ್ಲ.

ಜೋಳ ಕಟಾವಾಯಿತು. ಎನೆಲೆಸಿ ಸವೆದಳು. ಸೊಂಟದಲ್ಲಿ ಕೊಡಲಿ ಸಿಕ್ಕಿಸಿದ ಹಾಗೆ ನೋವು. ರಾತ್ರಿ ಬಟ್ಟೆ ಒಗೆದು ಬೆಳಗಾಗುವ ಮೊದಲು ಒಳಗೆ ತರುವಳು. ತಾನು ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಓಡಾಡುತ್ತಿರುವುದು ಯಾರಿಗೂ ಕಾಣುತ್ತಿಲ್ಲವೆಂದೇ ನಂಬಿದ್ದಳು.

ಒಂದು ಬೆಳಿಗ್ಗೆ ತಾಯಿ ಮಗಳು ಒಂದೇ ಒರಳಿನಲ್ಲಿ ಎದುರು ಬದುರು ನಿಂತು ಜೋಳ ಕುಟ್ಟುತ್ತಿದ್ದರು. ಜಿಯೋನೆ ಇದ್ದಕ್ಕಿದ್ದಂತೆ ಒನಕೆಯನ್ನು ಒರಳಿನಲ್ಲೇ ನಿಲ್ಲಿಸಿದಳು.

"ಅಮ್ಮಾ, ನಿನ್ನ ಕೈ ನೋವು ಹೆಂಗಿದೆ?"

"ಇದೆ, ಹಂಗೇ."

"ಒನಕೆ ಎತ್ತೋ ಕೈಗೆ ಉಪ್ಪು ಭಾರ ಆಗುತ್ತಾ?"

ಎನೆಲೆಸಿ ಒನಕೆ ಎತ್ತಿ ಒಂದು ಪೆಟ್ಟು ಹಾಕಿದಳು. ಎರಡನೆಯದಕ್ಕೆ ಕೈ ಮೇಲೇಳಲಿಲ್ಲ.

"ರಕ್ತ ಹೋಗ್ತಿದೆ ತಾನೇ?" ಎಂದಳು ಜಿಯೋನೆ. ತಾಯಿಯ ಮುಖ ನೋಡಿ ಅಂಥ ಮಾತಾಡಿದ್ದು ಅವಳ ಜನ್ಮದಲ್ಲೇ ಮೊದಲು.

"ಬಾಯಿ ಮುಚ್ಚೇ! ನಿಂಗೆ ಹೆಂಗೆ ಗೊತ್ತು? ಯಾವಾಗ ನೋಡಿದೆ?"

"ತಡಾಲಾ ಉಪ್ಪು ಹಾಕಿದ ಮೊದಲನೇ ದಿನವೇ ಗೊತ್ತಾಯ್ತು. ನಂಗೊಬ್ಬಳಿಗೇ ಅಲ್ಲ. ಚಿಕ್ಕಮ್ಮನಿಗೆ ಗೊತ್ತು, ಅವಳ ಮಕ್ಕಳಿಗೆ ಗೊತ್ತು, ಬೋರಿಂಗ್ ಹತ್ರ ನೀರಿಗೆ ಬರೋರಿಗೆಲ್ಲ ಗೊತ್ತು. ಮಳೆಗಾಲದಿಂದ ಇಡೀ ಕೇರಿಗೆ ಗೊತ್ತು, ಅಮ್ಮ."

"ಗೊತ್ತಿದ್ದೂ..." ಎನೆಲೆಸಿ ಒನಕೆ ಕೈಬಿಟ್ಟಳು. "ಗೊತ್ತಿದ್ದೂ ಒಬ್ಬಳೂ ಒಂದು ಮಾತು ಕೇಳಲಿಲ್ವಲ್ಲೇ?"

"ಕೇಳಬಾರದು ಅಂತ ಕಲಿಸಿದೋಳು ಯಾರು?"

ಜಿಯೋನೆ ಹೇಳಿದ್ದು ಅಷ್ಟೇ. ಆಮೇಲೆ ಒರಳಿಗೆ ಒರಗಿ ಅತ್ತುಬಿಟ್ಟಳು. ಎನೆಲೆಸಿ ನಿಂತೇ ಇದ್ದಳು. ತಾನು ಕಟ್ಟಿದ ಬೇಲಿಯೊಳಗೆ ತಾನೇ ಸಿಕ್ಕಿಬಿದ್ದಿದ್ದೇನೆ ಎಂದು ಅವಳಿಗೆ ಅರ್ಥವಾಯಿತು. ಊರಿನವರು ಕೆಟ್ಟವರೇನಲ್ಲ. ಅವಳು ಹೇಳಿಕೊಟ್ಟ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ದರು.

ಮರುದಿನವೇ ಜಿಯೋನೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿ ಪೇಟೆಯ ಆಸ್ಪತ್ರೆಗೆ ಕರೆದೊಯ್ದಳು. ಮ್ವಾವಿಗೆ ವಿನಿಗರ್ ಬೇಕಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅಲ್ಲಿಂದ ರಾಜಧಾನಿ ಲಿಲಾಂಗ್ವೆಯ ದೊಡ್ಡಾಸ್ಪತ್ರೆ. ಅಲ್ಲಿ ವಯಸ್ಸಾದ ಡಾಕ್ಟರೊಬ್ಬರು ತುಂಬ ಹೊತ್ತು ನೋಡಿ, ಕೈ ತೊಳೆದುಕೊಂಡು ಬಂದು, ಮಂಚದ ಪಕ್ಕ ಕೂತರು. ಡಾಕ್ಟರು ಕೂತರೆಂದರೆ ಒಳ್ಳೆಯ ಸುದ್ದಿಯಲ್ಲ ಎಂದು ಎನೆಲೆಸಿಗೆ ಹೊಳೆಯಿತು.

"ಕತ್ತರಿಸಿ ತೆಗೆಯೋ ಹಾಗಿಲ್ಲ, ಅಮ್ಮ. ಅಕ್ಕಪಕ್ಕಕ್ಕೆಲ್ಲ ಹಬ್ಬಿದೆ. ನೋವು ತಡೆಯೋಕೆ ಔಷಧಿ ಕೊಡ್ತೀವಿ. ನರಳೋಕೆ ಬಿಡಲ್ಲ."

"ಮಳೆಗಾಲದಲ್ಲಿ ಬಂದಿದ್ರೆ?" ಎಂದಳು ಎನೆಲೆಸಿ.

ಡಾಕ್ಟರು ಸುಳ್ಳು ಹೇಳಲಿಲ್ಲ. "ಆಗ ದಾರಿ ಇರ್ತಿತ್ತೇನೋ. ಅದಕ್ಕೂ ಕೆಲವು ವರ್ಷ ಮೊದಲು ಬಂದಿದ್ರೆ ಹುಣ್ಣೇ ಆಗ್ತಿರಲಿಲ್ಲ."

ಊರಿಗೆ ಮರಳುವ ದಾರಿಯಲ್ಲಿ ಅವಳು ಮಗಳಿಗೆ ಒಂದೇ ಒಂದು ಅಪ್ಪಣೆ ಕೊಟ್ಟಳು. "ಮನೆಗೆ ಹೋಗೋ ಮುಂಚೆ ಆ ಮ್ವಾವಿ ಹತ್ರ ಇಳಿ. ನೀನು ತೋರಿಸ್ಕೋ. ನಾನು ಹೊರಗೆ ಕೂತಿರ್ತೀನಿ." ಜಿಯೋನೆ ಒಳಗೆ ಹೋದಳು. ವಿನಿಗರ್ ಹಚ್ಚಿದಾಗ ಅವಳಲ್ಲಿ ಒಂದು ಬಿಳಿ ಮಚ್ಚೆ ಕಂಡಿತು. ಮ್ವಾವಿ ಅದನ್ನು ಅಲ್ಲೇ ಸುಟ್ಟು ತೆಗೆದು, ಮತ್ತೆ ಯಾವಾಗ ಬರಬೇಕೆಂದು ಹೇಳಿ ಕಳಿಸಿದಳು. ಮಾವಿನ ಮರದ ಕೆಳಗೆ ತಾನು ನಗಿಸಿದ ನಗು ಎಷ್ಟು ಮನೆಗಳಿಗೆ ಹೋಗಿ ಕೂತಿದೆಯೋ ಎಂದು ಎನೆಲೆಸಿ ಆಸ್ಪತ್ರೆಯ ಜಗಲಿಯ ಮೇಲೆ ಕೂತು ತಲೆ ಚಚ್ಚಿಕೊಂಡಳು. ಸಾವಿನ ಮಾತು ಕೇಳಿ ಅಳದವಳು ಆಗ ಅತ್ತಳು.

ಚಳಿಗಾಲ ಮುಗಿಯುತ್ತ ಬಂತು. ಹುಡುಗಿಯರ ಬೇಲಿ ಎದ್ದಿತು. ಎನೆಲೆಸಿಗೆ ಈಗ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಹಸಿರು ಬಣ್ಣದ ಮಾರ್ಫಿನ್ ನೀರನ್ನು ಹೊತ್ತು ಹೊತ್ತಿಗೆ ಕುಡಿಯುತ್ತಿದ್ದಳು. ಅವಳ ಜಾಗದಲ್ಲಿ ಫಲೇಸಿ ಗುರುವಾಗಬೇಕೆಂದು ಹಿರಿಯರು ಹೇಳಿದರು.

"ನಾನು ಒಂದು ಪಾಠ ಹೇಳಬೇಕು," ಎಂದು ಎನೆಲೆಸಿ ತಂಗಿಗೆ ಹೇಳಿ ಕಳಿಸಿದಳು.

ಫಲೇಸಿ ತಾನೇ ಬಂದಳು. ಬಾಗಿಲಲ್ಲೇ ನಿಂತು, ನೆಲ ನೋಡುತ್ತ, "ಅಕ್ಕಾ, ಬೇಲಿ ಒಳಗೆ... ನಿಂಗೇ ಗೊತ್ತಲ್ಲ. ಈ ಸ್ಥಿತೀಲಿ ಬರೋ ಹಾಗಿಲ್ಲ. ನೀನೇ ಮಾಡಿದ ಕಟ್ಟಲೆ," ಎಂದಳು.

"ಈ ಸ್ಥಿತೀಲಿ ಅಂದ್ರೆ ಯಾವ ಸ್ಥಿತಿ? ಬಾಯಿ ಬಿಟ್ಟು ಹೇಳು."

ಫಲೇಸಿ ಅಂಗಳದತ್ತ ಮುಖ ತಿರುಗಿಸಿದಳು.

"ಸರಿ. ನಾನು ಬೇಲಿ ಹೊರಗೇ ಕೂರ್ತೀನಿ. ನನ್ನ ಬಾಯಿಂದೇನೂ ರಕ್ತ ಹೋಗ್ತಿಲ್ವಲ್ಲ? ಮಾತು ಒಳಗೆ ಬರಲಿ."

ಅದಕ್ಕೆ ಕಟ್ಟಲೆಯಲ್ಲಿ ಅಡ್ಡಿಯಿರಲಿಲ್ಲ. ಜಿಯೋನೆ ಮತ್ತು ತಡಾಲಾ ಅವಳನ್ನು ಎರಡು ಕಡೆ ಹಿಡಿದು ತಂದು ಬೇಲಿಯ ಹೊರಗೆ ಚಾಪೆಯ ಮೇಲೆ ಕೂರಿಸಿದರು. ಹಿಂದಿನ ದಿನವಷ್ಟೇ ಶಾಲೆಯಲ್ಲಿ ತಡಾಲಾಗೆ ಲಸಿಕೆ ಹಾಕಿದ್ದರು. ಅಜ್ಜಿಯೇ ಹಟ ಹಿಡಿದು ಕಳಿಸಿದ್ದಳು. ಹುಡುಗಿ ತೋಳು ಉಜ್ಜಿಕೊಳ್ಳುತ್ತ ಪಕ್ಕದಲ್ಲಿ ಕೂತಳು. ದೊಡ್ಡವಳಾಗದವಳು ಕೇಳಬಾರದ ಪಾಠವೆಂದು ಒಳಗಿನಿಂದ ಯಾರೋ ಆಕ್ಷೇಪಿಸಿದರು. "ನನ್ನ ರಕ್ತದ ದೆಸೆಯಿಂದ ಇಷ್ಟು ದಿನ ಉಪ್ಪು ಹಾಕಿದೋಳು ಇವಳು. ಕೇಳಲಿ," ಎಂದಳು ಎನೆಲೆಸಿ.

ಹುಲ್ಲಿನ ಆಚೆ ಹುಡುಗಿಯರು ಮಂಡಿಯೂರಿ ಕೂತಿದ್ದರು, ಅವರ ಹಿಂದೆ ತಾಯಂದಿರು.

"ಉಪ್ಪು ಯಾರ ಕೈಲಿದೆ ಅಂತ ನೋಡ್ತೀರಾ?" ಎಂದು ಎನೆಲೆಸಿ ಕೂಗಿದಳು. ದನಿಯಲ್ಲಿ ಹಳೆಯ ಗತ್ತಿತ್ತು, ಉಸಿರಷ್ಟೇ ಸಾಲುತ್ತಿರಲಿಲ್ಲ.

"ನೋಡ್ತೀವಿ!" ಚಪ್ಪಾಳೆ ಬಿತ್ತು.

"ನೋಡಿ ಏನು ಮಾಡ್ತೀರಾ?"

"ಬಾಯಿ ಬಿಡಲ್ಲ!"

"ತಪ್ಪು!" ಎಂದಳು ಎನೆಲೆಸಿ.

ಚಪ್ಪಾಳೆ ಅರ್ಧಕ್ಕೇ ನಿಂತಿತು.

"ತಪ್ಪು. ನಾನು ಕಲಿಸಿದ್ದೇ ತಪ್ಪು. ಉಪ್ಪು ಬಿಟ್ಟ ಕೈ ನಾಲ್ಕೈದು ದಿನಕ್ಕೆ ವಾಪಸು ಉಪ್ಪಿಗೆ ಬರಬೇಕು. ಬರಲಿಲ್ವಾ, ಕೇಳಬೇಕು. ನಿಮ್ಮಮ್ಮ ಆಗಲಿ, ನಿಮ್ಮಜ್ಜಿ ಆಗಲಿ, ನಿಮ್ಮ ಗುರುನೇ ಆಗಲಿ, ಎದುರಿಗೆ ನಿಂತು ಕೇಳಬೇಕು. ಕೇಳಿಸ್ಕೊಂಡೋಳು ಬೈದ್ರೆ ಬೈಸ್ಕೊಂಡು, ಅವಳ ಕೈ ಹಿಡಿದು ಆಸ್ಪತ್ರೆಗೆ ಎಳ್ಕೊಂಡು ಹೋಗಬೇಕು. ಮೈ ಚೆನ್ನಾಗಿದ್ರೂ ಮದುವೆ ಆದೋರು ಹೋಗಿ ತೋರಿಸ್ಕೋಬೇಕು. ಆ ವಿನಿಗರ್ ನನ್ನ ಮಗಳನ್ನ ಉಳಿಸಿದೆ. ಅವತ್ತು ನಾನು ನಿಮ್ಮನ್ನೆಲ್ಲ ನಗಿಸಿದೆ. ಯಾಕೆ ಗೊತ್ತಾ? ಆಗಲೇ ನನ್ನ ಬಟ್ಟೇಲಿ ರಕ್ತ ಇತ್ತು."

ಎನೆಲೆಸಿ ಸುಧಾರಿಸಿಕೊಂಡಳು.

"ಬರೀ ಮಾತಲ್ಲಿ ಹೇಳಿದ್ರೆ ಪಾಠ ಆಗಲ್ಲ. ಯಾರಾದ್ರೂ ಕೇಳಿ ತೋರಿಸಿ. ನನ್ನನ್ನೇ ಕೇಳಿ."

ಯಾರೂ ಕೇಳಲಿಲ್ಲ. ತಾಯಂದಿರು ತಲೆ ತಗ್ಗಿಸಿದರು. ಗುರುವನ್ನು ಅಂಥ ಪ್ರಶ್ನೆ ಕೇಳುವುದಕ್ಕೆ ನಾಲಿಗೆ ಏಳುವುದಾದರೂ ಹೇಗೆ? ತಡಾಲಾ ಬಾಯಿ ತೆರೆದಳು, ಜಿಯೋನೆ ಅವಳ ಭುಜ ಅದುಮಿದಳು. ಇದು ಮೊದಲು ದೊಡ್ಡವರು ಬಾಯಿ ಬಿಟ್ಟು ಕೇಳಬೇಕಾದ ಪ್ರಶ್ನೆಯೆಂದು ಜಿಯೋನೆಗೆ ಗೊತ್ತಿತ್ತು.

ಆಗ ಬೇಲಿಯ ಹುಲ್ಲು ಅಲುಗಿತು. ಒಳಗಿನಿಂದ ಯಾರೋ ಹುಲ್ಲಿಗೆ ಮುಖ ಒತ್ತಿ ಕೂತರು. ಹುಲ್ಲಿನ ಸಂದಿಯಿಂದ ಫಲೇಸಿಯ ದನಿ ಬಂತು.

"ಅಕ್ಕಾ," ಎಂದಳು. ಮತ್ತೆ ಸಂದಿಗೆ ಬಾಯಿ ಹತ್ತಿರ ತಂದು, "ಅಕ್ಕಾ, ಉಪ್ಪು ಯಾಕೆ ಬಿಟ್ಟೆ?"

ಎನೆಲೆಸಿ ಕಣ್ಣು ಮುಚ್ಚಿದಳು. ಈ ಒಂದು ಮಾತಿಗಾಗಿ ತಾನು ಇಡೀ ಮಳೆಗಾಲ, ಇಡೀ ಸುಗ್ಗಿ ಕಾದಿದ್ದೆನೆಂದು ಅವಳಿಗೆ ತಿಳಿದದ್ದೇ ಆಗ.

"ರಕ್ತ ಹೋಗ್ತಿದೆ, ತಂಗಿ," ಎಂದಳು.

ಒಳಗೆ ಫಲೇಸಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ನಂಗೆ ಗೊತ್ತಿತ್ತು ಅಕ್ಕಾ. ಮೊದಲನೇ ದಿನವೇ ಗೊತ್ತಿತ್ತು. ಮುಚ್ಚಳ ಹಿಡ್ಕೊಂಡು ನಿಂತಿದ್ದೆ, ಬಾಯಿ ಬರಲಿಲ್ಲ."

"ಅಳಬೇಡ್ವೇ. ಕಲಿಸಿದೋಳು ನಾನು." ಎನೆಲೆಸಿ ಹುಲ್ಲಿನ ಸಂದಿಯಲ್ಲಿ ಕೈ ತೂರಿಸಿದಳು. ಕಟ್ಟಲೆ ಮುರಿದು ಬೇಲಿಯೊಳಗೆ ಹೋದ, ಒಂದು ಕಾಲಕ್ಕೆ ಉಪ್ಪು ಹಿಡಿದ ಆ ಮೂರು ಬೆರಳನ್ನು ಫಲೇಸಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈಗ ಹುಡುಗೀರೆಲ್ಲ ಕೇಳ್ರೇ," ಎಂದಳು ಎನೆಲೆಸಿ. "ಗಟ್ಟಿಯಾಗಿ. ನಂಗೆ ಕಿವಿ ಮಂದ."

ಅವಳ ಕಿವಿಗೇನೂ ಆಗಿರಲಿಲ್ಲ. ಹುಡುಗಿಯರು ಅದೇ ಪ್ರಶ್ನೆ ಕೇಳಿದರು. ಅವಳು ಇನ್ನೊಂದು ಸಲ ಕೇಳಿಸಿದಳು, ಮತ್ತೊಂದು ಸಲ ಕೇಳಿಸಿದಳು. ಕೊನೆಯ ಸಲ ತಾಯಂದಿರ ದನಿಯೂ ಸೇರಿತ್ತು.